ಎಡಗಡೆ ಸೀಟಿನ ಭಾರ

"ನಿನ್ನ ತೂಕ ಎಷ್ಟು?"

ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಯಾಕೆ, ಮಾರ್ತೀರಾ?"

"ಕಾರಿಗೆ."

ಹೇಳಿದಳು. ಆಮೇಲೆ, "ನಾನೇ ಬಂದು ಕೂತ್ಕೊಳ್ಳಾ? ಇವತ್ತು ರಜಾ," ಎಂದಳು.

"ನೀನ್ಯಾಕೆ? ತೂಕ ಸಾಕು."

ಹೇಳಿದ ಮೇಲೂ ಆ ಮಾತಿನಲ್ಲಿ ತಪ್ಪೇನೂ ಅವನಿಗೆ ಕಾಣಲಿಲ್ಲ. ಅವನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು.

ರಸ್ತೆಯ ಹಂಪು ದಾಟುವಾಗ ಕಾರಿನ ಮುಂದಿನ ಎಡಚಕ್ರದ ಹತ್ತಿರ ಟಕ್ ಎನ್ನುತ್ತಿತ್ತು. ಒಬ್ಬನೇ ಹೋದರೆ ಇಲ್ಲ. ಹೆಂಡತಿ ಪಕ್ಕದಲ್ಲಿ ಕೂತರೆ ಉಂಟು. "ನೀನು ಕೂತಾಗ ಮಾತ್ರ ಬರತ್ತೆ!" ಎಂದು, ಏನೋ ಕಂಡುಹಿಡಿದವನ ಹಿಗ್ಗಿನಲ್ಲಿ ಅವಳಿಗೇ ಹೇಳಿದ್ದ. ಮರುದಿನದಿಂದ ಅವಳು ಆಫೀಸಿಗೆ ಬಸ್ಸು ಹಿಡಿದಳು. ಸದ್ದು ನಿಂತರೆ ಮತ್ತೆ ಬಂದು ಕೂರುತ್ತಾಳೆ ಎಂಬುದು ಇವನ ಲೆಕ್ಕ. ಅವಳು ಹಾಗೆ ಹೇಳಿರಲಿಲ್ಲ. ಇವನು ಕೇಳಿಯೂ ಇರಲಿಲ್ಲ.

"ಬಂದ್ರಾ ಮೇಷ್ಟ್ರೇ? ಮತ್ತೆ ಟಕ್ಕಾ?" ಗ್ಯಾರೇಜಿನವನು ಎಲ್ಲರಿಗೂ ಕೇಳುವಂತೆ ಕೂಗಿದ. ಅವನ ಹೊಟ್ಟೆ ಮೊದಲು ನಗುತ್ತಿತ್ತು, ಬಾಯಿ ಆಮೇಲೆ. "ಎತ್ತಿ ನೋಡಿದ್ದಾಯ್ತು, ಚಕ್ರ ಅಲ್ಲಾಡ್ಸಿದ್ದಾಯ್ತು. ಏನೂ ಇಲ್ಲ. ಕಿವಿ ಡಾಕ್ಟ್ರು ಪಕ್ಕದ ಬೀದೀಲೇ ಇದ್ದಾರೆ."

"ಎತ್ತಿದ್ರೆ ಚಕ್ರ ನೇತಾಡತ್ತೆ. ಭಾರ ಎಲ್ಲಿರತ್ತೆ? ಸದ್ದು ಬರೋದೇ ಭಾರ ಬಿದ್ದಾಗ."

"ಯಾರ ಭಾರ?"

ಇವನು ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯವರಿಂದ ಮರಳು ಕೇಳಿ ತಂದ. ಗುಜರಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ಚೀಲಕ್ಕೆ ತುಂಬಿದ. ಇಬ್ಬರೂ ಸೇರಿ ಹೊತ್ತು ಎಡಗಡೆ ಸೀಟಿನಲ್ಲಿಟ್ಟರು. ಕೀ ತಿರುಗಿಸಿದೊಡನೆ ಕಾರು ಬೆಲ್ಟಿಗಾಗಿ ಕುಂಯ್ ಕುಂಯ್ ಎಂದು ಬಡಿದುಕೊಂಡಿತು.

"ಬೆಲ್ಟ್ ಹಾಕಿ ಮೇಷ್ಟ್ರೇ, ಅಮ್ಮಾವ್ರು ಬಿದ್ದುಗಿದ್ದಾರು!"

ಬೆಲ್ಟು ಹಾಕಿದ. ಮುಂದಿನ ಚಕ್ರ ಪೂರ್ತಿ ತಿರುಗಿಸಿ, ಇಸ್ತ್ರಿ ಮಾಡಿದ ಅಂಗಿಯಲ್ಲೇ ನೆಲಕ್ಕೆ ಮಲಗಿ, ಒಳಗೆ ಕೈ ತೂರಿಸಿ, ಚಕ್ರದ ಹಿಂದಿರುವ ಲಿಂಕ್ ರಾಡು ಎಂಬ ಗೇಣುದ್ದದ ಸರಳಿನ ತುದಿಗೆ ಬೆರಳಿಟ್ಟ. "ಈಗ ಮೇಲಿಂದ ಅದುಮು."

ಅದುಮಿದ. ಟಕ್. ಕಿವಿಗಿಂತ ಮೊದಲು ಬೆರಳಿಗೆ ಕೇಳಿಸಿತು.

ಗ್ಯಾರೇಜಿನವನು ಹೊಟ್ಟೆ ಒತ್ತಿಕೊಂಡು ಮಲಗಿ ತಾನೂ ಬೆರಳಿಟ್ಟ. ಇವನು ಮೇಲಿಂದ ಅದುಮಿದ.

"ಏನು?"

"ಇದೆ."

"ಏನಿದೆ?"

"ಇದೆ ಅಂದ್ನಲ್ಲ ಸ್ವಾಮಿ! ಎಷ್ಟು ಸಲ ಹೇಳಿಸ್ತೀರಿ?"

ರಾಡಿನ ತುದಿಯ ಗುಂಡು ಒಂದೇ ಮಗ್ಗುಲಿಗೆ ಸವೆದಿತ್ತು. ಎಡಕ್ಕೆ ಭಾರ ಬಿದ್ದು ಕಾರು ತಗ್ಗಿದಾಗ ಸರಿಯಾಗಿ ಆ ಜಾಗಕ್ಕೇ ಬಂದು ಬಡಿಯುತ್ತಿತ್ತು. ಹೊಸದು ಹಾಕಿದರು. ಗ್ಯಾರೇಜಿನ ಎದುರಿನ ಹಂಪಿನ ಮೇಲೆ ಇವನು ಕಾರನ್ನು ಹೋಗುತ್ತಾ ಹಾರಿಸಿದ, ಬರುತ್ತಾ ಹಾರಿಸಿದ. ಸದ್ದಿಲ್ಲ! ಗ್ಯಾರೇಜಿನವನು ಎರಡೂ ಕೈ ಎತ್ತಿ ಮುಗಿದ. ಇವನಿಗೆ ಇಡೀ ಬೀದಿಯನ್ನು ಕರೆದು ತೋರಿಸಬೇಕೆನಿಸಿತು. ಮನೆಯ ದಾರಿಯುದ್ದಕ್ಕೂ ಯಾರೂ ಅಡ್ಡ ಬರದಿದ್ದರೂ ಹಾರನ್ನು ಬಾರಿಸಿದ.

"ಬೇಗ ಬಾ! ಸತ್ತುಹೋಯ್ತು ಸದ್ದು!"

ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಬಂದೇಬಿಟ್ಟಳು. ಎಡಬಾಗಿಲಿನ ಹಿಡಿಗೆ ಕೈಹಾಕಿ, ಬಗ್ಗಿ ನೋಡಿ, ಹಾಗೇ ನಿಂತಳು.

"ನಿನ್ನಷ್ಟೇ ತೂಕ," ಅವನು ಹೆಮ್ಮೆಯಿಂದ ಹೇಳಿದ. "ಒಂದು ಹಿಡಿ ಹೆಚ್ಚುಕಮ್ಮಿ ಇಲ್ಲ."

ಅವಳು ಹಿಂಬಾಗಿಲು ತೆಗೆದು ಕೂತಳು.

"ಅರೆ, ಮುಂದೆ ಬಾ. ತೆಗೀತೀನಿ."

"ಇರ್ಲಿ ಬಿಡಿ. ಜೋಪಾನವಾಗಿ ಕೂರಿಸಿದ್ದೀರಿ."

ತೋರಿಸುವ ಆತುರ ಅವನಿಗೆ. ಬೀದಿಯ ಕೊನೆಯ ಹಂಪಿನ ಮೇಲೆ ವೇಗ ತಗ್ಗಿಸದೆ ಬಿಟ್ಟ. ಕಾರು ಎದ್ದು ಬಿತ್ತು. ಮೌನ, ಎಣ್ಣೆ ಸವರಿದಂಥ ಮೌನ.

"ನೋಡಿದ್ಯಾ!" ಎಂದು ಕೂಗಿದ.

ಚೀಲ ಒಂದು ಕಡೆಗೆ ವಾಲಿತು. ಅವನ ಎಡಗೈ ತಾನಾಗಿ ಚಾಚಿ ಅದನ್ನು ಬಳಸಿ ಹಿಡಿಯಿತು. ಕನ್ನಡಿಯಲ್ಲಿ ಹೆಂಡತಿ ಎರಡೂ ಕೈಯಿಂದ ಮುಂದಿನ ಸೀಟಿನ ಬೆನ್ನು ಬಿಗಿಯಾಗಿ ಹಿಡಿದಿದ್ದಳು. ಮುಂದೆ ಇನ್ನೊಂದು ಹಂಪು ಬರುತ್ತಿತ್ತು. ಅವನು ಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.