ಖಾರಜೇನಿನ ಭರಣಿ

ನಾನು ಒಂದು ಭರಣಿ. ಹೊಟ್ಟೆ ಬಿಳಿ, ಭುಜ ಮತ್ತು ಕುತ್ತಿಗೆ ಕಂದು, ತಲೆಗೊಂದು ಮುಚ್ಚಳ. ಒಂದು ಕಾಲಕ್ಕೆ ಇಂಥವು ಎಲ್ಲರ ಅಡಿಗೆಮನೆಯಲ್ಲೂ ಇದ್ದವು, ಆದ್ದರಿಂದ ನನ್ನ ರೂಪವನ್ನು ಹೆಚ್ಚು ಬಣ್ಣಿಸಬೇಕಾಗಿಲ್ಲ. ಖಾನಾಪುರದ ಕಡೆಯ ಒಂದು ಭಟ್ಟಿಯಲ್ಲಿ ಹುಟ್ಟಿದೆ. ಮಣ್ಣನ್ನು ಕಾಲಲ್ಲಿ ತುಳಿದರು, ತಿಗರಿಯ ಮೇಲೆ ಎತ್ತಿದರು, ಎರಡು ಬಣ್ಣದ ನೀರಿನಲ್ಲಿ ಅದ್ದಿ ಬೆಂಕಿಗೆ ಹಾಕಿದರು. ಸುಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಸುಡದೇ ಬಿಟ್ಟಿದ್ದರೆ ನಾನು ಮೊದಲ ಮಳೆಗೆ ಕರಗುತ್ತಿದ್ದೆ. ಭಟ್ಟಿ ತೆರೆದ ದಿನ ಒಬ್ಬ ಮುದುಕ ಒಂದೊಂದೇ ಭರಣಿಯನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳಿದ. ಠಣ್ ಎಂದದ್ದು ಸಂತೆಗೆ ಹೋಯಿತು, ಬೇರೆ ದನಿ ಮಾಡಿದ್ದು ತಿಪ್ಪೆಗೆ. ನಾನು ಠಣ್ ಎಂದೆ.

ಸಂತೆಯಲ್ಲಿ ನನ್ನನ್ನು ಕೊಂಡವಳು ಮೋಟೆಬೆನ್ನೂರಿನ ಗಿರಿಜವ್ವ. ಮಗಳ ಮದುವೆಯ ಸಾಮಾನಿನ ಜೊತೆಗೆ ಲಿಂಬೆಹಣ್ಣಿನ ಉಪ್ಪಿನಕಾಯಿ ತುಂಬಿ ಕಳಿಸಿದಳು. ಮದುಮಗಳು ಕಸ್ತೂರೆವ್ವ ಟೆಂಪೋದಲ್ಲಿ ಬ್ಯಾಡಗಿಯವರೆಗೂ ನನ್ನನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು ಬಂದಳು. ಅವಳ ಗಂಡ ರಾಚಪ್ಪ ಮೆಣಸಿನಕಾಯಿ ಮಾರುಕಟ್ಟೆಯ ಹತ್ತಿರ ಖಾನಾವಳಿ ನಡೆಸುತ್ತಿದ್ದ. ಮುಂದಿನ ಕೋಣೆಯಲ್ಲಿ ಬೆಂಚು, ಹಿಂದೆ ಅಡಿಗೆಮನೆ, ಅದರ ಹಿಂದೆ ಬಚ್ಚಲು. ಅಡಿಗೆಮನೆಯ ಕೆಳಗಿನ ಹಲಗೆ ನನ್ನ ಜಾಗ. ಅಲ್ಲಿಂದ ನನಗೆ ಕಾಲುಗಳು ಚೆನ್ನಾಗಿ ಕಾಣುತ್ತಿದ್ದವು. ಮುಖ ನೋಡಬೇಕೆಂದರೆ ಅವರೇ ಬಗ್ಗಬೇಕಿತ್ತು.

ರಾಚಪ್ಪ ಅಡಿಗೆಯ ವಿಷಯದಲ್ಲಿ ಸೊಕ್ಕಿನ ಮನುಷ್ಯ. ಒಮ್ಮೆ ಯಲ್ಲಾಪುರದ ಕಡೆಯ ಜೇನು ಮಾರುವವನೊಬ್ಬ ಊಟಕ್ಕೆ ಕೂತು, ತನ್ನ ಶೀಸೆಯ ಜೇನನ್ನು ಕೆಂಪು ಚಟ್ನಿಯ ಮೇಲೆ ಸುರಿದುಕೊಂಡು ರೊಟ್ಟಿ ತಿಂದ. ರಾಚಪ್ಪ ಅವನ ತಾಟಿನ ಅಂಚಿನಿಂದಲೇ ಬೆರಳಲ್ಲಿ ತೆಗೆದು ನೆಕ್ಕಿ ನೋಡಿದ. ಮರುದಿನ ನನ್ನೊಳಗಿನ ಉಪ್ಪಿನಕಾಯಿ ಹೊರಗೆ ಬಂತು. ತವರುಮನೆಯ ಭರಣಿಗೆ ಕೈ ಹಾಕಬೇಡಿರೆಂದು ಕಸ್ತೂರೆವ್ವ ಗೊಣಗಿದಳು. ಅವನು ಕೇಳಿಸಿಕೊಳ್ಳಲಿಲ್ಲ. ಲಿಂಬೆಯ ವಾಸನೆ ಹೋಗುವವರೆಗೆ ನನ್ನನ್ನು ಬಿಸಿಲಿಗೆ ಇಟ್ಟ.

ಅವನು ಖಾರಜೇನು ಮಾಡುತ್ತಿದ್ದ ರೀತಿ ಹೀಗೆ. ಒಣ ಮೆಣಸಿನಕಾಯಿಯ ತೊಟ್ಟು ಮುರಿದು, ಬೀಜ ಕೊಡವಿ, ಕತ್ತರಿಯಿಂದ ಸಣ್ಣಗೆ ಕತ್ತರಿಸುವುದು. ಬಣ್ಣಕ್ಕೆ ಬ್ಯಾಡಗಿಯದು, ಖಾರಕ್ಕೆ ಗುಂಟೂರಿನದು. ಬಿಸಿನೀರಿನ ಪಾತ್ರೆಯೊಳಗೆ ಜೇನಿನ ಪಾತ್ರೆಯನ್ನು ಕೂರಿಸಿ, ಬೆರಳು ತಾಳುವಷ್ಟು ಮಾತ್ರ ಬಿಸಿ ಮಾಡುವುದು. ಕುದಿಸಿದರೆ ಜೇನು ಕೆಟ್ಟಿತು. ಮೆಣಸಿನಕಾಯಿ ಬೆರೆಸಿ ನನ್ನೊಳಗೆ ಸುರಿದು, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗೆ ಇಡುವುದು. ದಿನಾ ಒಣಗಿದ ಮರದ ಸೌಟಿನಿಂದ ತಿರುವುವುದು. ಒಂದು ಹನಿ ನೀರು ಬಿದ್ದರೂ ಹುಳಿ ಬಂದು ನೊರೆ ಏಳುತ್ತದೆ. ಕಷ್ಟವಿದ್ದದ್ದು ಇದ್ಯಾವುದರಲ್ಲೂ ಅಲ್ಲ. ಗುಂಟೂರಿನ ಒಂದೊಂದು ಚೀಲಕ್ಕೆ ಒಂದೊಂದು ಖಾರ. ಈ ಸಲ ಎಷ್ಟು ಹಾಕಬೇಕೆಂದು ಯಾರೂ ಹೇಳಿಕೊಡಲಾಗುವುದಿಲ್ಲ, ನಾಲಿಗೆಯೇ ಹೇಳಬೇಕು. ರಾಚಪ್ಪನ ನಾಲಿಗೆ ಹೇಳುತ್ತಿತ್ತು.

ಆ ಜೇನು ಬಿಸಿ ರೊಟ್ಟಿಯ ಮೇಲೆ ಬೀಳುತ್ತಿತ್ತು, ಹುರಿದ ಬದನೆಯ ಹೋಳಿನ ಮೇಲೆ ಬೀಳುತ್ತಿತ್ತು. ಕುಂಬಳಕಾಯಿ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ಒಂದು ಚಮಚ ಬೆರೆಸುತ್ತಿದ್ದ. ಹುರಿದ ಶೇಂಗಾಕ್ಕೆ ಸವರಿ ಆರಲು ಬಿಟ್ಟರೆ ಸಂಜೆ ಹಮಾಲರು ಬಂದು ಕಿಸೆ ತುಂಬಿಸಿಕೊಳ್ಳುತ್ತಿದ್ದರು. ದಿನಾ ಊಟಕ್ಕೆ ಬರುತ್ತಿದ್ದ ಹಾವನೂರ ಮಾಸ್ತರರು ಚೇಷ್ಟೆ ಮಾಡುತ್ತಿದ್ದರು:

"ರಾಚಪ್ಪಣ್ಣ, ನಿನ್ನ ಜೇನು ತಿಂದ್ರ ಹುಳಾನೂ ಕೂಡೇ ಕಡದಂಗ ಆಕೈತಿ."

"ಕಡೀಲಿ ಅಂತನ ಹಾಕೇನ್ರಿ ಮಾಸ್ತರ್ರ. ಬರೇ ಸಿಹಿ ಬೇಕಂದ್ರ ಪೇಡೆ ಅಂಗಡಿಗೆ ಹೋಗ್ರಿ."

ಇಷ್ಟು ಒಳ್ಳೆಯ ನಾಲಿಗೆಯ ಪಕ್ಕದಲ್ಲೇ ಅವನು ಗುಟ್ಕಾ ಇಟ್ಟುಕೊಳ್ಳುತ್ತಿದ್ದ. ರುಚಿ ನೋಡುವ ಮೊದಲು ಉಗಿದು ಬಾಯಿ ಮುಕ್ಕಳಿಸುತ್ತಿದ್ದ, ನೋಡಿದ ಮೇಲೆ ಮತ್ತೆ ದವಡೆಗೆ ಒತ್ತುತ್ತಿದ್ದ. ಬೇಡವೆಂದು ಕಸ್ತೂರೆವ್ವ ಜಗಳವಾಡಿದಳು, ಅತ್ತಳು, ಕೊನೆಗೆ ಸುಮ್ಮನಾದಳು. ಮೊದಲು ನಾಲಿಗೆಯ ಬದಿಯಲ್ಲಿ ಒಂದು ಹುಣ್ಣು. ಆಮೇಲೆ ರೊಟ್ಟಿ ನುಂಗಲಾಗಲಿಲ್ಲ. ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಗೆ ಹೋದರು. ತಿಂಗಳುಗಟ್ಟಲೆ ನನ್ನ ಮೇಲೆ ಧೂಳು ಕೂತಿತು. ಹಿಂದಿರುಗಿದಾಗ ರಾಚಪ್ಪನ ಬಾಯಲ್ಲಿ ಅರ್ಧ ನಾಲಿಗೆಯೂ ಉಳಿದಿರಲಿಲ್ಲ, ಕೊಯ್ದು ತೆಗೆದಿದ್ದರು. ಉಳಿದದ್ದಕ್ಕೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟಿದ್ದರು, ಅದಕ್ಕೆ ಸಿಹಿಯೂ ಗೊತ್ತಾಗುತ್ತಿರಲಿಲ್ಲ, ಉಪ್ಪೂ ಗೊತ್ತಾಗುತ್ತಿರಲಿಲ್ಲ. ಖಾರ ಮಾತ್ರ ಗಾಯಕ್ಕೆ ಬೆಂಕಿ ಇಟ್ಟಂತೆ ಗೊತ್ತಾಗುತ್ತಿತ್ತು. ಅದು ರುಚಿಯಲ್ಲ, ನೋವು.

ಖಾನಾವಳಿ ಕಸ್ತೂರೆವ್ವನ ಕೈಗೆ ಬಂತು. ಸಾರಿನ ಉಪ್ಪು, ಪಲ್ಯದ ಹದ ಎಲ್ಲ ಅವಳೇ ನೋಡಿದಳು. ರಾಚಪ್ಪ ಮೂಲೆಯಲ್ಲಿ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಅವನ ಮಾತು ಗದಗದವಾಗಿತ್ತು, ಅವಳಿಗೆ ಬಿಟ್ಟು ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ಗಂಜಿಯ ಬಟ್ಟಲನ್ನು ಎರಡು ಗುಟುಕಿಗೆ ದೂರ ಸರಿಸುತ್ತಿದ್ದ. ತೂಕ ಇನ್ನೂ ಇಳಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರರು ಅವಳಿಗೆ ಹೇಳಿದ್ದರು. ಅವಳು ಅದನ್ನು ದುರ್ಗವ್ವನ ಮುಂದೆ ಹೇಳಿಕೊಂಡದ್ದನ್ನು ನಾನು ಕೇಳಿದೆ. ದುರ್ಗವ್ವ ಹಿಂದಿನ ಓಣಿಯವಳು, ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸದವಳು.

ಒಂದು ದಿನ ರಾಚಪ್ಪ ನನ್ನನ್ನು ಹಲಗೆಯಿಂದ ಎತ್ತಿ ಒರೆಸಿದ. ಖಾರಜೇನು ತನ್ನದು, ಅದನ್ನು ತಾನೇ ಮಾಡುವೆನೆಂದು ಸನ್ನೆ ಮಾಡಿದ. ನಾಲಿಗೆ ಇಲ್ಲದೆ ಹೇಗೆ ಎಂದು ಅವಳು ಕೇಳಲಿಲ್ಲ. ಅವನು ದಾರಿ ಕಂಡುಕೊಂಡಿದ್ದ. ಜೇನು ಬಿಸಿ ಮಾಡಿ, ಮೆಣಸಿನಕಾಯಿ ಬೆರೆಸಿ, ಬಿಸಿಲಿಗೆ ಇಟ್ಟು ತೆಗೆದ ಮೇಲೆ ಹೆಂಡತಿಯನ್ನು ಕಿಟಕಿಗೆ ಮುಖ ಮಾಡಿ ಕೂರಿಸಿದ. ಒಂದು ಪಕ್ಕ ರೊಟ್ಟಿ ಇಟ್ಟ, ಇನ್ನೊಂದು ಪಕ್ಕ ನೀರಿನ ತಂಬಿಗೆ. ಅವಳ ಅಂಗೈಗೆ ಒಂದು ಚಮಚ ಹಾಕಿ ಎದುರಿಗೆ ಕೂತು ಮುಖ ನೋಡಿದ. ಉಣ್ಣುವವರ ಮುಖ ನೋಡಿಕೊಂಡೇ ಬೆಳೆದವನು ಅವನು. ಜೇನು ಸರಿ ಇದ್ದರೆ ಮೊದಲು ತುಟಿ ಸಡಿಲಾಗುತ್ತದೆ. ತುಸು ತಡೆದು ಮೂಗಿನ ತುದಿ ಬೆವರುತ್ತದೆ. ಆಗ ಕೈ ರೊಟ್ಟಿಗೆ ಹೋದರೆ ಹದ ಕೂಡಿತು, ನೀರಿಗೆ ಹೋದರೆ ಖಾರ ಹೆಚ್ಚಾಯಿತು.

ಅವಳ ಕೈ ನೀರಿಗೆ ಹೋಯಿತು.

ಅವನು ಜೇನು ಬೆರೆಸಿ ಮತ್ತೆ ಮಾಡಿದ. ಅದೂ ತಪ್ಪಿತು. ಸ್ವಲ್ಪ ಗುಂಟೂರು ಕಡಿಮೆ ಹಾಕಿರೆಂದು ಅವಳು ಮೆಲ್ಲಗೆ ಹೇಳಿದಳು. ಆ ದಿನ ಅವನು ಗಂಜಿ ಮುಟ್ಟಲಿಲ್ಲ, ಮರುದಿನವೂ ಮುಟ್ಟಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ. ಮೂರನೆಯ ಸಲ ಅವನು ಮಾಡಿದ್ದು ಮೊದಲೆರಡಕ್ಕಿಂತ ಕೆಟ್ಟದ್ದಾಗಿತ್ತು. ನನ್ನೊಳಗೇ ಇತ್ತಲ್ಲ, ನನಗೆ ಗೊತ್ತು. ಕಸ್ತೂರೆವ್ವ ಅಂಗೈ ನೆಕ್ಕಿದಳು, ತುಟಿ ಸಡಿಲ ಬಿಟ್ಟಳು, ಕಣ್ಣು ತುಂಬಿ ಬರುವುದನ್ನು ತಡೆದು ರೊಟ್ಟಿ ಮುರಿದುಕೊಂಡಳು.

ಆ ಮಧ್ಯಾಹ್ನ ರಾಚಪ್ಪ ಒಂದು ಬಟ್ಟಲು ಗಂಜಿ ಪೂರ್ತಿ ಕುಡಿದ.

ಅಲ್ಲಿಂದ ಮುಂದೆ ಅದೇ ನಡೆಯಿತು. ಪ್ರತಿ ಸಲವೂ ಅವಳ ಕೈ ರೊಟ್ಟಿಗೇ ಹೋಯಿತು. ಅವನು ಮಧ್ಯಾಹ್ನ ಮಲಗಿದಾಗ ಅವಳು ಬೇರೆ ಪಾತ್ರೆಯಲ್ಲಿ ಬೇರೆ ಜೇನು ಮಾಡಿ, ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಹಿಟ್ಟಿನ ಪೀಪಾಯಿಯ ಹಿಂದೆ ಇಟ್ಟಳು. ಸೆರಗಿನ ಮರೆಯಲ್ಲಿ ಮುಂದಿನ ಕೋಣೆಗೆ ಒಯ್ದು ಗಿರಾಕಿಗಳಿಗೆ ಬಡಿಸಿದ್ದು ಅದನ್ನು. ನನ್ನೊಳಗಿನದನ್ನು ದಿನಕ್ಕಿಷ್ಟು ಬಚ್ಚಲಿಗೆ ಸುರಿದಳು. ನಾನು ಖಾಲಿಯಾಗುವುದನ್ನು ನೋಡಿ ಅವನು ಹಿಗ್ಗಿದ. ಜೇನಿನವನಿಗೆ ಇನ್ನಷ್ಟು ತರಲು ಹೇಳಿಸಿದ. ಗಲ್ಲ ತುಸು ತುಂಬಿಕೊಂಡವು. ಹೆಚ್ಚುವ ಉಳ್ಳಾಗಡ್ಡಿಯ ಹೋಳೂ ಮೊದಲಿಗಿಂತ ಸಣ್ಣಗಾಯಿತು. ಅವಳ ಜೇನು ದಿನದಿಂದ ದಿನಕ್ಕೆ ಅವನ ಹಳೆಯ ಜೇನಿನಂತೆಯೇ ಆಗುತ್ತಾ ಬಂತು. ಅದನ್ನು ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ಇದು ತಪ್ಪು ಎಂದು ನನಗೆ ಆಗ ಅನ್ನಿಸಲಿಲ್ಲ. ಈಗಲೂ ಪೂರ್ತಿ ಅನ್ನಿಸುವುದಿಲ್ಲ. ಅವನು ಉಣ್ಣುತ್ತಿದ್ದ.

ತಂಗಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆಂದು ಕಸ್ತೂರೆವ್ವ ಒಂದು ದಿನ ಮೋಟೆಬೆನ್ನೂರಿಗೆ ಹೋದಳು. ಖಾನಾವಳಿ ಬಂದ್ ಇರಲಿ ಎಂದು ಹೇಳಿ ಹೋಗಿದ್ದಳು. ಮಾಸ್ತರರು ಬಾಗಿಲು ತಟ್ಟಿದಾಗ ರಾಚಪ್ಪನಿಗೆ ಮನಸ್ಸು ತಡೆಯಲಿಲ್ಲ. ತೆರೆದ. ಮಾಸ್ತರರ ಹಿಂದೆ ಒಬ್ಬ ಹಮಾಲನೂ ಬಂದ. ಮನೆಯಲ್ಲಿ ರೊಟ್ಟಿ ಇದ್ದವು, ಬದನೆ ಇತ್ತು. ರಾಚಪ್ಪ ಹೋಳು ಹುರಿದು, ನನ್ನನ್ನೇ ಎತ್ತಿಕೊಂಡು ಹೊರಗೆ ಬಂದು, ಎಷ್ಟೋ ದಿನದ ಮೇಲೆ ತನ್ನ ಕೈಯಾರೆ ಬಡಿಸಿ, ಎದುರಿನ ಬೆಂಚಿನ ಮೇಲೆ ಕೂತ.

ಮಾಸ್ತರರ ಕೈ ಮೊದಲ ತುತ್ತಿಗೇ ನೀರಿಗೆ ಹೋಯಿತು. ತಂಬಿಗೆ ಎತ್ತಿ ಗಟಗಟ ಕುಡಿದರು. ತಲೆ ಎತ್ತಿದಾಗ ರಾಚಪ್ಪ ತಮ್ಮನ್ನೇ ನೋಡುತ್ತಿರುವುದು ಕಂಡಿತು. ಮತ್ತೊಂದು ತುತ್ತು ಮುರಿದು ಅದೇ ಜೇನಿಗೆ ಅದ್ದಿ ಬಾಯಿಗಿಟ್ಟರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಭಾಳ ಚಲೋ ಆಗೇತಿ ರಾಚಪ್ಪಣ್ಣ," ಎಂದರು. "ಮೊದಲಿಗಿಂತ ಚಲೋ."

ಹಮಾಲನಿಗೆ ಅಷ್ಟು ನಯ ಬರುತ್ತಿರಲಿಲ್ಲ. ತಾಟು ಪಕ್ಕಕ್ಕೆ ಸರಿಸಿದ.

"ಇದೇನಪಾ, ಬಾಯಿ ಸುಟ್ಟು ಹೋತು. ಅಕ್ಕಾರು ದಿನಾ ಹಾಕೋದು ಇದಲ್ಲಲ್ಲ. ಆ ಡಬ್ಬ್ಯಾಗಿಂದು ಕೊಡ್ರಿ."

ರಾಚಪ್ಪ ಒಳಗೆ ಹೋಗಿ ಹಲಗೆ, ಮೂಲೆಗಳನ್ನೆಲ್ಲ ಹುಡುಕಿದ. ಪೀಪಾಯಿ ಸರಿಸಿ ಡಬ್ಬಿ ತೆಗೆದ. ಅದರಿಂದ ಒಂದು ಚಮಚ ಹಮಾಲನ ತಾಟಿಗೆ ಹಾಕಿ, ನಿಂತುಕೊಂಡೇ ಅವನ ಮುಖ ನೋಡಿದ. ತುಟಿ ಸಡಿಲಾಯಿತು. ಮೂಗಿನ ತುದಿ ಬೆವರಿತು. ಕೈ ರೊಟ್ಟಿಗೆ ಹೋಯಿತು. ಅವರಿಬ್ಬರು ಹೋದ ಮೇಲೆ, ಹಾಗಾದರೆ ನನ್ನೊಳಗಿನದು ದಿನಾ ಎಲ್ಲಿಗೆ ಹೋಯಿತೆಂದು ಹುಡುಕುತ್ತ, ರಾಚಪ್ಪ ನನ್ನನ್ನೂ ಎತ್ತಿಕೊಂಡು ಬಚ್ಚಲಿಗೆ ಹೋಗಿ ಮೋರಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ಅಲ್ಲಿ ಕಲ್ಲಿನ ಸಂದಿಯಲ್ಲಿ ಕೆಂಪು ಜಿಗಟು ಮೆತ್ತಿಕೊಂಡಿತ್ತು, ಇರುವೆ ಮುತ್ತಿದ್ದವು. ಬಹಳ ಹೊತ್ತು ನೋಡಿದ.

ಸಂಜೆ ಕಸ್ತೂರೆವ್ವ ಬಂದಳು. ಕೈಯಲ್ಲಿ ತೊಟ್ಟಿಲ ಮನೆಯ ಬುತ್ತಿ ಇತ್ತು. ಅದನ್ನು ಇಡುವುದಕ್ಕೂ ಬಿಡದೆ ಅವನು ಅವಳನ್ನು ಕಿಟಕಿಯ ಎದುರು ಕೂರಿಸಿ, ನನ್ನೊಳಗಿಂದ ಒಂದು ಚಮಚ ಅಂಗೈಗೆ ಹಾಕಿದ. ರೊಟ್ಟಿ ಒಂದು ಪಕ್ಕ, ತಂಬಿಗೆ ಒಂದು ಪಕ್ಕ. ಅವಳು ನೆಕ್ಕಿದಳು. ಅವಳ ಕೈ ಎಂದಿನಂತೆ ರೊಟ್ಟಿಯ ಕಡೆಗೆ ಹೊರಟಿತು. ಅವನು ನಡುವೆಯೇ ಮಣಿಕಟ್ಟು ಹಿಡಿದ.

"ನಾಲಿಗಿ ಒಮ್ಮೆ ಡಾಕ್ಟರ್ರು ಕೊಯ್ದ್ರು," ಎಂದ. ಆ ಗದಗದ ಮಾತು ಆ ದಿನ ನನಗೂ ತಿಳಿಯಿತು. "ಇನ್ನೊಮ್ಮೆ ನೀ ಕೊಯ್ದಿ."

"ನೀವು ಉಣಲಿ ಅಂತ ಮಾಡಿದ್ನಿರಿ."

"ಹೂಂ. ಉಣತೇನಿ."

ಅವನು ಬೈಯಲಿಲ್ಲ, ಹೊಡೆಯಲಿಲ್ಲ. ನನ್ನನ್ನು ಬಚ್ಚಲಿಗೆ ಒಯ್ದು ಇದ್ದದ್ದನ್ನು ಸುರಿದ. ಬಿಸಿನೀರು ಹಾಕಿ ತೊಳೆದ, ಒರೆಸಿದ, ಹಲಗೆಯ ಮೇಲೆ ಬೋರಲು ಹಾಕಿದ. ಅವಳ ಡಬ್ಬಿಯನ್ನು ಪೀಪಾಯಿಯ ಹಿಂದಿನಿಂದ ತೆಗೆದು ಒಲೆಯ ಪಕ್ಕ, ಎಲ್ಲರಿಗೂ ಕಾಣುವಲ್ಲಿ ಇಟ್ಟ.

ಆಮೇಲೆ ಅವನು ನಿಜಕ್ಕೂ ಉಂಡ. ಗಂಜಿ ಎಂದರೆ ಗಂಜಿ, ಕಿವುಚಿದ ಬಾಳೆಹಣ್ಣು ಎಂದರೆ ಬಾಳೆಹಣ್ಣು, ಕೊಟ್ಟ ಹೊತ್ತಿಗೆ ಕೊಟ್ಟಷ್ಟು. ಒಂದು ಗುಟುಕೂ ಬಿಡುತ್ತಿರಲಿಲ್ಲ, ಒಂದು ಮಾತೂ ಆಡುತ್ತಿರಲಿಲ್ಲ. ಉಂಡು ಬಟ್ಟಲು ತೊಳೆದಿಟ್ಟು ಹೊರಗಿನ ಕಟ್ಟೆಯ ಮೇಲೆ ಬಿಸಿಲಿಗೆ ಕೂರುತ್ತಿದ್ದ. ಉಳ್ಳಾಗಡ್ಡಿ ಹೆಚ್ಚಲೂ ಒಳಗೆ ಬರಲಿಲ್ಲ. ಅವಳು ಬೇಡಿಕೊಂಡದ್ದು ಅವನು ಉಣ್ಣಲಿ ಎಂದಷ್ಟೇ. ಅಷ್ಟನ್ನು ಅವನು ಕೊಟ್ಟ. ಗಂಜಿ ಬೇಡವೆಂದು ಒಮ್ಮೆಯಾದರೂ ಸಿಟ್ಟು ಮಾಡಲಿ ಎಂದು ಅವಳು ದುರ್ಗವ್ವನ ಮುಂದೆ ಅತ್ತದ್ದುಂಟು.

ಅಡಿಗೆಯ ರುಚಿ ನೋಡುವಾಗ ಅವಳು ಬಾಗಿಲಿಗೆ ಬೆನ್ನು ಮಾಡಿ ನಿಲ್ಲತೊಡಗಿದಳು. ಕಟ್ಟೆಯಿಂದ ಅಡಿಗೆಮನೆ ನೇರ ಕಾಣುತ್ತಿತ್ತು. ಅವನು ನೋಡುತ್ತಿರಲಿಲ್ಲ. ಆದರೂ ಅವಳು ತಿರುಗಿ ನಿಲ್ಲುತ್ತಿದ್ದಳು.

ಮುಂದಿನ ಸುಗ್ಗಿಗೆ, ಓಣಿಯ ತುಂಬ ಮೆಣಸಿನಕಾಯಿಯ ಘಾಟು ಇದ್ದಾಗ, ಕಾಯಿಲೆ ಕುತ್ತಿಗೆಗೆ ಇಳಿದು ರಾಚಪ್ಪ ಸತ್ತ. ಕಸ್ತೂರೆವ್ವ ಕೆಲವು ವರ್ಷ ಖಾನಾವಳಿ ನಡೆಸಿದಳು. ಖಾರಜೇನಿಗೆ ಒಳ್ಳೆಯ ಹೆಸರಿತ್ತು. ಅದನ್ನು ಅವಳು ನನ್ನೊಳಗೆ ಒಮ್ಮೆಯೂ ತುಂಬಲಿಲ್ಲ. ಮೊಣಕಾಲು ಸೋತ ಮೇಲೆ ಖಾನಾವಳಿ ಮುಚ್ಚಿ ತಂಗಿಯ ಊರಿಗೆ ಹೊರಟಾಗ ಪಾತ್ರೆಗಳನ್ನೆಲ್ಲ ಕಟ್ಟಿಕೊಂಡಳು, ನನ್ನನ್ನು ದುರ್ಗವ್ವನಿಗೆ ಕೊಟ್ಟಳು. ತವರಿನದು, ಇರಲಿ ಎಂದು ದುರ್ಗವ್ವ ಹೇಳಿ ನೋಡಿದಳು. ಕಸ್ತೂರೆವ್ವ ತಲೆ ಅಲ್ಲಾಡಿಸಿದಳು.

ಈಗ ನಾನು ದುರ್ಗವ್ವನ ಒಲೆಯ ಮೂಲೆಯಲ್ಲಿದ್ದೇನೆ. ಮುಚ್ಚಳ ಒಡೆದಿದೆ, ಅದರ ಬದಲು ಒಂದು ಕರಟ. ಹೊಟ್ಟೆಯಲ್ಲಿ ಕಲ್ಲುಪ್ಪು. ಉಪ್ಪು ನನ್ನ ಬಣ್ಣದ ಪದರವನ್ನು ಒಳಗಿನಿಂದ ತಿನ್ನುತ್ತಿದೆ, ಬಡಿದರೆ ಈಗ ಠಣ್ ಎನ್ನುವುದಿಲ್ಲ. ಮಾರುಕಟ್ಟೆಯಿಂದ ದಣಿದು ಬರುವ ದುರ್ಗವ್ವ ಅಳತೆ ನೋಡದೆ ಮುಷ್ಟಿಯಲ್ಲಿ ಉಪ್ಪು ತೆಗೆದು ಸಾರಿಗೆ ಹಾಕುತ್ತಾಳೆ. ಹೆಚ್ಚಾದ ದಿನ ಅವಳ ಗಂಡ ಮುಖ ಕಿವುಚಿ, ಇದು ಮನುಷ್ಯರು ಉಣ್ಣುವ ಸಾರೋ, ದನದ ಕಲಗಚ್ಚೋ ಎಂದು ಬೈಯುತ್ತಾನೆ. ಅವಳೂ ಬಿಡುವುದಿಲ್ಲ, ಬೇಕಾದರೆ ನೀನೇ ಮಾಡಿಕೊ ಅನ್ನುತ್ತಾಳೆ. ಆಮೇಲೆ ಸಾರಿಗೆ ಬಿಸಿನೀರು ಬೆರೆಸಿಕೊಂಡು ಇಬ್ಬರೂ ಎದುರುಬದುರು ಕೂತು ಉಣ್ಣುತ್ತಾರೆ.

ಒಳ್ಳೆಯ ಅಡಿಗೆಯ ಮನೆಯಲ್ಲಿ ನಾನು ಬಹಳ ವರ್ಷ ಇದ್ದೆ. ಈ ಮನೆಯ ಅಡಿಗೆ ಅಷ್ಟಕ್ಕಷ್ಟೇ. ಆದರೆ ಆ ಬೈಗುಳ ಕೇಳಿದ ದಿನ ನನ್ನ ಮನಸ್ಸು ಹಗುರವಾಗಿರುತ್ತದೆ.