ರಾಯರ ಊಟ

ಗೋಡೆಯ ಆಚೆಯಿಂದ ಮತ್ತೆ ಅದೇ ಪ್ರಶ್ನೆ ಬಂತು.

“ಗೋದಾ, ರಾಯರದು ಊಟಾ ಆತೇನು?”

ಪಂಢರಿನಾಥನ ಕೈ ಹುಳಿಯನ್ನದ ಮೇಲೆ ನಿಂತಿತು. ಈಗಷ್ಟೇ ಒಂದು ಸಲ ಕೇಳಿಯಾಗಿತ್ತು. ಈ ಮುದುಕಿಗೆ ತನ್ನ ಊಟದ ಉಸಾಬರಿ ಯಾಕೆ?

“ಇನ್ನುಂ ಇಲ್ಲೆ, ಮಾಮಿ!” ಮಗಳು ತುಂಗಾ ಜಡೆ ಹೆಣೆದುಕೊಳ್ಳುತ್ತಲೇ ಕೂಗಿದಳು. ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ತಮಿಳಿನಲ್ಲೇ. ಅಪ್ಪನಿಗೂ ಅಷ್ಟೇ ಮರ್ಯಾದೆ.

ಮದ್ರಾಸಿನ ತಿರುವಲ್ಲಿಕ್ಕೇಣಿಯ ಆ ವಠಾರದಲ್ಲಿ ಸಂಸಾರಗಳು ಹಲವು, ನಲ್ಲಿ ಒಂದೇ. ನಡುಗೋಡೆಗಳು ಸೂರಿನವರೆಗೆ ಏರಿರಲಿಲ್ಲ. ಒಂದು ಮನೆಯ ಒಗ್ಗರಣೆಗೆ ಇನ್ನೊಂದು ಮನೆಯವರು ಸೀನುತ್ತಿದ್ದರು. ಪಕ್ಕದ ಮನೆಯ ರಮಾಬಾಯಿ ಗದಗಿನ ಕಡೆಯವರು. ಅವರ ಗಂಡ ತಿರುಮಲರಾಯರು ದೀಪಾವಳಿಯಿಂದ ಹಾಸಿಗೆ ಹಿಡಿದಿದ್ದರು. ಹೋಗಿ ನೋಡಿ ಬನ್ನಿ ಎಂದು ಗೋದಾಬಾಯಿ ಗಂಡನಿಗೆ ಹೇಳುತ್ತಲೇ ಇದ್ದಳು, ಅವನು ಹೂಂಗುಟ್ಟುತ್ತಲೇ ಇದ್ದ.

“ಇವತ್ತು ಹೇಳಿಬಿಡ್ತೀರಲ್ಲ ಆಫೀಸಿನಲ್ಲಿ, ವರ್ಗಕ್ಕೆ ಒಪ್ಪಿಗೆ ಅಂತ?” ಗೋದಾಬಾಯಿ ಸೌಟು ಹಿಡಿದು ಕೇಳಿದಳು.

“ನೋಡೋಣ.”

“ದಾವಣಗೆರೇಲಿ ಇದೇ ಬಾಡಿಗೆಗೆ ಬಾವಿ ಇರೋ ಮನೆ ಸಿಗುತ್ತಂತೆ. ಇವಳ ಬಾಯಲ್ಲಿ ಒಂದಿಷ್ಟು ಕನ್ನಡ ಆದ್ರೂ ಬಂದೀತು.”

“ಬಾವಿ ಸಿಗುತ್ತೆ. ಜೊತೆಗೆ ಇಡೀ ಊರು ನಮ್ಮ ಎಲೆಗೆ ಇಣುಕುತ್ತೆ.”

ಚಿಕ್ಕ ಊರು ಅಂದರೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ಬಿ.ಎ. ಮೊದಲ ಸಲ ನಪಾಸಾದಾಗ, ಸ್ಟೇಷನ್ನಿನಿಂದ ಮನೆ ಮುಟ್ಟುವಷ್ಟರಲ್ಲಿ ಜಟಕಾದವನು, ಬಟ್ಟೆ ಅಂಗಡಿಯವನು, ಹೂವಿನ ಮುದುಕಿ, ಎಲ್ಲರೂ ಸಮಾಧಾನ ಹೇಳಿ ಕಳಿಸಿದ್ದರು. ಆ ಸಮಾಧಾನದಿಂದ ಆದಷ್ಟು ಅವಮಾನ ಅವನಿಗೆ ಆಮೇಲೆಂದೂ ಆಗಿರಲಿಲ್ಲ. ಮದ್ರಾಸು ಪುಣ್ಯದ ಊರು. ಇಲ್ಲಿ ಬೀಚಿನಲ್ಲಿ ಕೂತು ಗೊಳೋ ಎಂದು ಅತ್ತರೂ ಕಡಲೆ ಸುಂಡಲ್ ಮಾರುವವನು ಮಾತ್ರ ಹತ್ತಿರ ಬರುತ್ತಾನೆ.

“ಗೋದಾ, ಆತೇನವಾ ಊಟಾ?”

ಮೂರನೆಯ ಸಲ! ಪಂಢರಿನಾಥನಿಗೆ ಮೈಯೆಲ್ಲ ಉರಿಯಿತು.

“ಆಗ್ತಾ ಇದೆ!” ಗೋಡೆಯತ್ತ ಮುಖ ಮಾಡಿ ಕೂಗಿದ. “ಏನೀಗ? ಅಂಥಾ ಅವಸರ ಏನು ಬಂದಿರೋದು?”

“ಆಗ್ಲಿ, ಸಾವಕಾಶ ಆಗ್ಲಿ,” ಅಂದಿತು ಆಚೆಯ ಧ್ವನಿ. ಸ್ವಲ್ಪ ಒಡೆದಿತ್ತು. ಬಿಸಿ ತಟ್ಟಿತು ಎಂದುಕೊಂಡ.

“ಇನ್ನೊಂದು ಸಲ ಅನ್ನ ಹಾಕು,” ಎಂದ ಹೆಂಡತಿಗೆ.

ಹೊಟ್ಟೆಯಲ್ಲಿ ಜಾಗವಿರಲಿಲ್ಲ, ಹಟವಿತ್ತು. ಮಜ್ಜಿಗೆಯನ್ನ ಕಲಸಿ, ಉಪ್ಪಿನಕಾಯಿ ನೆಕ್ಕಿ, ಒಂದೊಂದೇ ತುತ್ತನ್ನು ಅಗಿದು ಅಗಿದು ನುಂಗಿದ. ಕಾಯಲಿ ಮುದುಕಿ. ಹೊರಡುವಾಗ ರಮಾಬಾಯಿ ತಮ್ಮ ಹೊಸ್ತಿಲಲ್ಲಿ ಬಾಗಿಲನ್ನು ಅರ್ಧ ಎಳೆದುಕೊಂಡು ನಿಂತಿದ್ದರು. ಅವನು ಚಪ್ಪಲಿ ಮೆಟ್ಟುವ ನೆಪದಲ್ಲಿ ತಲೆ ತಗ್ಗಿಸಿದ. ಅವರೂ ಏನೂ ಕೇಳಲಿಲ್ಲ. ಗೆದ್ದೆ ಅನ್ನಿಸಿತು.

ರಾಯಪುರಂನ ಹತ್ತಿ ಕಂಪನಿಯ ಆಫೀಸಿಗೆ ಕಾಸಿಮೇಡಿನ ಮೀನುಬಂದರಿನ ಗಾಳಿ ನೇರ ಬಡಿಯುತ್ತಿತ್ತು. ಬಂದ ಹೊಸತರಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ಕೂರುತ್ತಿದ್ದ. ಈಗ ನಾತ ಬರುವುದೇ ಇಲ್ಲ.

“ಎಂತ ಮಾರಾಯ್ರೇ, ದಾವಣಗೆರೆಗೆ ಹೊರಟದ್ದೇ?” ಮ್ಯಾನೇಜರ್ ಕೃಷ್ಣರಾಜರು ಕರೆದು ಕೇಳಿದರು. “ಇವತ್ತು ಹೇಳ್ಬೇಕು ನೀವು.”

“ಆಗೋದಿಲ್ಲ ಸಾರ್.”

“ಯಾಕೆ? ನಿಮ್ಮದೇ ಭಾಷೆ, ನಿಮ್ಮದೇ ಜನ.”

“ಅದಕ್ಕೇ ಸಾರ್.”

ಕೃಷ್ಣರಾಜರು ತಮಾಷೆಯೆಂದು ನಕ್ಕರು. “ಹಾಗಾದ್ರೆ ಕಾಂತಪ್ಪನನ್ನು ಕಳಿಸ್ತೇನೆ. ಆಮೇಲೆ ಬೇಕು ಅಂದ್ರೆ ಸಿಗೂದಿಲ್ಲ, ನೋಡಿ.”

ಸಂಜೆ ಅವನು ವಠಾರಕ್ಕೆ ಕಾಲಿಟ್ಟಾಗ ಅಂಗಳವೆಲ್ಲ ತೊಳೆದು ಒದ್ದೆಯಾಗಿತ್ತು. ಗೋದಾಬಾಯಿ ಹಸಿ ಕೂದಲಿನಲ್ಲಿ ಆಗಷ್ಟೇ ಒಲೆ ಹಚ್ಚುತ್ತಿದ್ದಳು.

“ತಿರುಮಲರಾಯರು ಹೋದ್ರು,” ಎಂದಳು.

“ಯಾವಾಗ?”

“ಬೆಳಗಿನ ಜಾವವೇ.”

“ಅದು ಹ್ಯಾಗೆ? ಬೆಳಗ್ಗೆ ಆಕೆ...”

“ಹೂಂ. ಪಕ್ಕದಲ್ಲಿ ಹೆಣ ಇಟ್ಕೊಂಡೇ ಕೇಳ್ತಾ ಇದ್ರು, ನಿಮ್ಮ ಊಟ ಆಯ್ತಾ ಅಂತ.” ಅವಳು ಒಲೆಯ ಮೇಲಿನ ಕಣ್ಣು ಎತ್ತಲಿಲ್ಲ. “ಬಾಯಿ ಬಿಟ್ಟು ಅತ್ತರೆ ಗೊತ್ತಾಗಿಬಿಡತ್ತೆ. ಗೊತ್ತಾದ್ರೆ ಹೆಣ ಎತ್ತೋವರೆಗೂ ವಠಾರದಲ್ಲಿ ಯಾರೂ ಉಣ್ಣೋ ಹಾಗಿಲ್ಲ. ಆಫೀಸಿಗೆ ಹೋಗೋರು ಉಪವಾಸ ಹೋಗ್ತಾರಲ್ಲಾಂತ ತಡ್ಕೊಂಡ್ರಂತೆ. ಉಳಿದೋರದೆಲ್ಲ ಬೇಗ ಆಗಿತ್ತು. ನಿಮ್ಮೊಬ್ಬರದೇ ಬಾಕಿ.”

ಅವನು ಅಂಗಿಯ ಗುಂಡಿ ಬಿಚ್ಚುತ್ತಿದ್ದವನು ಮತ್ತೆ ಹಾಕಿಕೊಂಡ.

“ನೀವು ಬೀದಿ ತಿರುಗಿದಿರೋ ಇಲ್ಲವೋ, ಕೂಗು ಕೇಳಿಸ್ತು. ಅಬ್ಬಾ, ಅಂಥಾ ಕೂಗು ನಾನು ಕೇಳಿಲ್ಲ. ಹೊರೋದಕ್ಕೆ ವಠಾರದಲ್ಲಿ ಒಬ್ಬ ಗಂಡಸಿಲ್ಲ. ಎಲ್ಲಾ ಹೊಟ್ಟೆ ತುಂಬಿಸ್ಕೊಂಡು ಹೋಗಿದ್ರಲ್ಲ. ಮಠದಿಂದ ಜನ ಬರಬೇಕಾಯ್ತು.”

“ಎರಡನೇ ಸಲ ಬಡಿಸಿಕೊಂಡೆ ನಾನು.”

ಗೋದಾಬಾಯಿ ಕಟ್ಟಿಗೆ ಮುಂದೆ ತಳ್ಳುತ್ತ, “ಊರಲ್ಲಿ ಆಗಿದ್ರೆ ಬಾಯಿಬಿಟ್ಟು ಅಳಬಹುದಿತ್ತು, ಪಾಪ,” ಎಂದಳು. ಒಲೆ ಊದಿ ಕೇಳಿದಳು: “ಏನು ಹೇಳಿದಿರಿ ಆಫೀಸಿನಲ್ಲಿ?”

“ಊಟಕ್ಕೆ ಹಾಕು,” ಎಂದ.

ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹಸಿವೆಯಾಗಿತ್ತು. ಅನ್ನ ಬೆಂದ ಮೇಲೆ ಬೆಳಗಿನ ಜಾಗದಲ್ಲೇ, ಗೋಡೆಗೆ ಎದುರಾಗಿ ಕೂತ. ಬಿಸಿ ಅನ್ನಕ್ಕೆ ತುಪ್ಪ ಬಿತ್ತು, ಸಾರು ಬಿತ್ತು. ಕಲಸಿದ, ಎತ್ತಲಿಲ್ಲ. ಈಗ ಕೇಳುತ್ತಾರೆ, ಕೇಳೇ ಕೇಳುತ್ತಾರೆ. ಒಂದೇ ಒಂದು ಸಲ ಕೇಳಿದರೆ ಸಾಕಿತ್ತು. ಆಗಿಲ್ಲ ಅಮ್ಮಾ, ಇನ್ನೂ ಆಗಿಲ್ಲ, ಅಂತ ಹೇಳಿಬಿಡಬೇಕು. ಅವನ ಬಾಯಿ ಅರ್ಧ ತೆರೆದೇ ಇತ್ತು.

ಗೋಡೆಯ ಆಚೆ ಯಾರೋ ಮಗ್ಗುಲು ಬದಲಿಸಿದ ಸದ್ದಾಯಿತು, ಅಷ್ಟೇ.

“ಯಾಕೆ, ಉಣ್ಣಲ್ವಾ?” ಎಂದು ಸಾರಿನ ಪಾತ್ರೆ ಹಿಡಿದು ಬಂದ ಗೋದಾಬಾಯಿ ಅವನ ಕೈ ನೋಡಿ ನಿಂತುಬಿಟ್ಟಳು. ಅವನೂ ನೋಡಿದ. ಬೆರಳುಗಳು ತಮ್ಮಷ್ಟಕ್ಕೆ ಅನ್ನವನ್ನು ಒತ್ತಿ ಒತ್ತಿ ಉಂಡೆ ಕಟ್ಟಿ, ಎಲೆಯ ಮೇಲೆ ಸಾಲಾಗಿ ಮೂರು ಇಟ್ಟಿದ್ದವು.