ಒಂಬತ್ತನೇ ಪ್ರಶ್ನೆ

ಒಂಬತ್ತನೇ ಪ್ರಶ್ನೆಗೆ ಬಂದದ್ದೇ ತ್ರ್ಯಂಬಕರಾಯರ ಲೇಖನಿ ನಿಂತುಬಿಟ್ಟಿತು. ಅಲ್ಲಿಯವರೆಗೆ ಗಾಡಿಯ ನಂಬರು, ಇಂಜಿನ್ನಿನ ನಂಬರು, ಸೀಟು ಎಷ್ಟು, ಮಾಲಕರು ಯಾರು ಎಂದು ಸರಸರನೆ ಬರೆಯುತ್ತಿದ್ದವರು ಕನ್ನಡಕವನ್ನು ಹಣೆಗೇರಿಸಿ ಎದುರಿಗೆ ನಿಂತ ಪಾಂಡುವನ್ನು ನೋಡಿದರು.

"ಗಾಡಿ ನಡೆಸುವವನಿಗೆ ಹಿಂದೆ ಮೋಟಾರಿನ ಗುನ್ನೆಯಲ್ಲಿ ಶಿಕ್ಷೆ ಆಗಿದೆಯೋ ಅಂತ ಕೇಳಿದ್ದಾರೆ. ಎಂತ ಬರೆಯೋಣ?"

ಕುಮಟೆಯ ಪೇಟೆಯಲ್ಲಿ ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲದವರು ಯಾರಿದ್ದರು? ರಾಯರಿಗೂ ಗೊತ್ತಿತ್ತು. ಆದರೆ ವಿಮೆಯ ಏಜೆಂಟರು ಎಂದ ಮೇಲೆ ಗೊತ್ತಿದ್ದದ್ದನ್ನೂ ಕೇಳಿಯೇ ಬರೆಯಬೇಕು.

"ಇಲ್ಲ ಅಂತ ಬರದ್ರೆ?" ಎಂದ ಪಾಂಡು, ನೆಲ ನೋಡುತ್ತ.

"ನಿನ್ನ ಲೈಸನ್ಸಿನ ಬೆನ್ನಿಗೆ ಕೆಂಪು ಶಾಯಿಯಲ್ಲಿ ಬರೆದಿದ್ದಾರಲ್ಲೋ ಮಾರಾಯಾ! ಅದನ್ನು ನಾನು ತಿಕ್ಕಿ ತೆಗೆಯಲೋ?"

ಸಾವಿರದ ಒಂಬೈನೂರ ನಲವತ್ತಾರನೇ ಇಸವಿ, ದೀಪಾವಳಿ ಕಳೆದು ನಾಲ್ಕು ದಿನವಾಗಿತ್ತು. ಮೋಟಾರು ತಾಗಿ ದಾರಿಹೋಕರಿಗೆ ಏನಾದರೂ ಆದರೆ ಪರಿಹಾರ ಸಿಗಲೆಂದು ಸರಕಾರ ಆ ಜುಲೈಯಿಂದ ಹೊಸ ಕಟ್ಟಳೆ ತಂದಿತ್ತು. ವಿಮೆಯ ಕಾಗದವಿಲ್ಲದೆ ಯಾವ ಗಾಡಿಯ ಗಾಲಿಯೂ ರಸ್ತೆಯಲ್ಲಿ ಉರುಳುವಂತಿಲ್ಲ. ಮಾಲಕ ಕಾಮತರ ಬಾಡಿಗೆ ಮೋಟಾರಂತೂ ಎರಡು ವರ್ಷದಿಂದ ಉರುಳಿಯೇ ಇರಲಿಲ್ಲ. ಲಡಾಯಿಯ ಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಿಲಿನ ಗ್ಯಾಸಿನ ಮೇಲೆ ಕೆಮ್ಮುತ್ತ ಹೊನ್ನಾವರ, ಭಟ್ಕಳ ಎಂದು ಓಡಾಡಿದ ಗಾಡಿ ಅದು. ಕೋರ್ಟಿನವರು ಪಾಂಡುವಿನ ಲೈಸನ್ಸನ್ನು ಎರಡು ವರ್ಷಕ್ಕೆ ಕಸಿದುಕೊಂಡ ದಿನ ಕಾಮತರು ಅದನ್ನು ಶೆಡ್ಡಿಗೆ ಹಾಕಿ, ಗಾಲಿ ಬಿಚ್ಚಿಸಿ, ಕೆಳಗೆ ಕಲ್ಲು ಕೊಟ್ಟು ನಿಲ್ಲಿಸಿದರು. "ಲೈಸನ್ಸು ತಿರುಗಿ ಬಂದ ದಿನ ಸ್ಟೇರಿಂಗು ನಿನ್ನದೇ," ಎಂದೂ ಹೇಳಿದ್ದರು.

ಆ ಒಂದು ಮಾತಿನ ಮೇಲೆ ಪಾಂಡು ಎರಡು ವರ್ಷ ಕಾಮತರ ಅಂಗಡಿಯಲ್ಲಿ ಮೂಟೆ ಹೊತ್ತ. ಸಂಜೆಯಾದರೆ ಶೆಡ್ಡಿಗೆ ಹೋಗಿ ಎಲ್ಲಿಗೂ ಹೋಗದ ಗಾಡಿಯನ್ನು ತೊಳೆಯುತ್ತಿದ್ದ. ತೊಳೆದಾದ ಮೇಲೆ ಒಳಗೆ ಕೂತು ಕ್ಲಚ್ಚು ತುಳಿದು, ಗೇರು ಹಾಕಿ, ಎದುರಿನ ಮಣ್ಣುಗೋಡೆಯನ್ನೇ ನೋಡುತ್ತಿದ್ದ. ಆ ಗೋಡೆಯಲ್ಲಿ ಅವನಿಗೆ ಹೊನ್ನಾವರದ ತಿರುವುಗಳೆಲ್ಲ ಕಾಣುತ್ತಿದ್ದವು. ಮನೆಯಲ್ಲಿ ಹೆಂಡತಿ ಗಂಗಿಗೆ ಇದೊಂದು ತಮಾಷೆ. "ಉಂಬುಕೆ ಕೂತ್ರೂ ಕಾಲು ಸುಮ್ನಿರುದಿಲ್ಲ ಇವ್ರದ್ದು. ಗಂಜಿಗೂ ಗೇರು ಹಾಕ್ತ್ರು," ಎಂದು ನೆರೆಯವರ ಮುಂದೆ ಹೇಳಿ ನಗುತ್ತಿದ್ದಳು. ನಕ್ಕು ಒಳಗೆ ಹೋಗಿ ಕಣ್ಣೊರೆಸಿಕೊಳ್ಳುವುದೂ ಇತ್ತು.

ಈಗ ಲೈಸನ್ಸು ಬಂದಿತ್ತು, ಗಾಡಿಗೆ ಟೈರು ಬಂದಿತ್ತು. ಕೈಗೆ ಬಂದ ತುತ್ತಿಗೆ ಈ ಒಂಬತ್ತನೇ ಪ್ರಶ್ನೆ ಅಡ್ಡ ನಿಂತಿತ್ತು.

"ಶಿಕ್ಷೆಯಾದವನು ನಡೆಸುವ ಬಾಡಿಗೆ ಗಾಡಿಗೆ ನಮ್ಮ ಕಂಪನಿ ವಿಮೆ ಇಳಿಸುವುದಿಲ್ಲ," ಎಂದರು ರಾಯರು. "ಅಲ್ಲವೋ, ನೀನು ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡದ್ದಾದರೂ ಯಾಕೆ?"

"ನಾ ಎಲ್ಲಿ ಒಪ್ಕಂಡೆ ರಾಯ್ರೆ? ತಪ್ಪಾತು ಅಂದೆ, ಅಷ್ಟೇ."

ರಾಯರು ಹಣೆ ಚಚ್ಚಿಕೊಂಡರು. ಆದರೆ ಪಾಂಡು ಹೇಳಿದ್ದು ನಿಜವೇ. ಈ ಕಡೆಯ ಮಂದಿಗೆ ತಪ್ಪಾತು ಎನ್ನುವುದಕ್ಕೆ ತಪ್ಪೇ ಮಾಡಿರಬೇಕೆಂದಿಲ್ಲ. ನೆಂಟರು ನಮ್ಮ ಹೊಸ್ತಿಲು ಎಡವಿದರೂ ತಪ್ಪಾತು ಎನ್ನುವವರು ನಾವೇ. ಅಂದು ಕೋರ್ಟಿನಲ್ಲಿ ಸಾಹೇಬರು ಕೇಳಿದಾಗ ಪಾಂಡುವಿನ ಕಣ್ಣು ಬಾಗಿಲ ಬಳಿ ಬೆಂಚಿನ ಮೇಲೆ ಕೂರಿಸಿದ್ದ, ಅವನ ಗಾಡಿ ತಾಗಿದ ಹೆಂಗಸಿನ ಮೇಲಿತ್ತು. ಕಾಲಿಗೆ ಬಿದಿರಿನ ದಬ್ಬೆ ಕಟ್ಟಿದ್ದರು. ಇಪ್ಪತ್ತರ ಪ್ರಾಯ ಇದ್ದೀತು. ಅವಳ ಮುಖ ನೋಡಿ ಅವನ ಬಾಯಿಂದ, "ತಪ್ಪಾತು ಒಡೆಯಾ," ಎಂದು ಬಂತು. ಗುಮಾಸ್ತರು ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಂಡರು. ಇಂಗ್ಲಿಷಿಗೆ ಹೋದ ಮೇಲೆ ಅದು ಬೇರೆಯೇ ಮಾತಾಯಿತು.

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು," ಎಂದರು ರಾಯರು. ಆಮೇಲೆ ಒಂದು ಬಿಳಿ ಹಾಳೆ ಎಳೆದುಕೊಂಡು ನಾಲ್ಕು ಸಾಲು ಬರೆದರು. "ಒಂದು ದಾರಿ ಉಂಟು. ಆ ಹೆಂಗಸು, ತಪ್ಪು ತನ್ನದೇ ಅಂತ ಬರೆದುಕೊಡಲಿ. ಅವಳ ಊರಿನ ಪಟೇಲರ ಮುಂದೆ ಇದನ್ನು ಓದಿ ಹೇಳಿಸಿ ಹೆಬ್ಬೆಟ್ಟು ಒತ್ತಿಸಬೇಕು, ಪಟೇಲರ ಸಹಿಯೂ ಬೇಕು. ಅಷ್ಟಾದರೆ ನಾನು ಕಂಪನಿಯವರ ಕಾಲು ಹಿಡಿದಾದರೂ ಮಾಡಿಸುತ್ತೇನೆ. ಶುಕ್ರವಾರದೊಳಗೆ ತಾ. ಕಾಮತರು ಸೋಮವಾರ ಗಾಡಿ ಹೊರಡಿಸುವವರು. ನೀನಾಗದಿದ್ದರೆ ಹೊನ್ನಾವರದ ಲಿಂಗಪ್ಪನನ್ನು ಕರೆಸುತ್ತಾರಂತೆ."

ಮರುದಿನ ಪಾಂಡು ಶರಾವತಿ ದಾಟಿ ಕಾಸರಕೋಡಿಗೆ ಬಂದ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲು ದಡಕ್ಕೆ ತಾಗಿದಾಗ, ಎದುರಿನ ಏರು ಕಂಡು ಅವನು ಒಂದು ಗಳಿಗೆ ಹಲಗೆಯ ಮೇಲೇ ನಿಂತ. ಆದದ್ದು ಅಲ್ಲೇ. ಅಂದು ಅವನು ಭಟ್ಕಳದಿಂದ ಬಂದು, ಜಂಗಲು ಹಿಡಿಯಲು ಇಳಿಜಾರಿನಲ್ಲಿ ನಿಧಾನವಾಗಿಯೇ ಇಳಿಯುತ್ತಿದ್ದ. ಹಾರನ್ನೂ ಒತ್ತಿದ್ದ. ಬೇಲಿಯ ಬದಿಗೆ ನಿಂತಿದ್ದ ಹೆಂಗಸು ಇದ್ದಕ್ಕಿದ್ದಂತೆ ಗಾಡಿಯ ಎದುರೇ ಓಡಿದ್ದಳು. ಯಾಕೆ ಓಡಿದಳೋ ದೇವರೇ ಬಲ್ಲ ಎಂದು ಎರಡು ವರ್ಷದಿಂದ ಅವನು ಅಂದುಕೊಳ್ಳುತ್ತಿದ್ದ.

ಆ ಹೆಂಗಸು, ದೇವಿ, ಮನೆಯ ಜಗಲಿಯ ಮೇಲೆ ಒಂದು ಕಾಲು ನೀಡಿಕೊಂಡು ತೆಂಗಿನ ಗರಿ ಹೆಣೆಯುತ್ತಿದ್ದಳು. ಅತ್ತೆ ಮೀನು ಒಣಗಿಸಲು ಹೋಗಿದ್ದಳು, ಗಂಡ ಶುಕ್ರ ದೋಣಿಯ ಮೇಲಿದ್ದ. ಅಂಗಳಕ್ಕೆ ಬಂದವನನ್ನು ಒಂದು ಗಳಿಗೆ ನೋಡಿ ಅವಳು ಗರಿ ಕೆಳಗಿಟ್ಟಳು.

"ಮೋಟಾರಿನ ಅಣ್ಣ ಅಲ್ದ? ಕೂತ್ಕ. ಆಸರಿಗೆ ಎಂತ ಕೊಡ್ಲಿ?"

ಬೇಡ ಎಂದರೂ ಕೇಳದೆ ಕುಂಟುತ್ತ ಒಳಗೆ ಹೋಗಿ ತಂಬಿಗೆಯಲ್ಲಿ ನೀರು, ಒಂದು ತುಂಡು ಬೆಲ್ಲ ತಂದಿಟ್ಟಳು.

"ಕಾಲು ಹ್ಯಾಂಗದೆ ತಂಗೀ?"

"ಅದೆ. ನಾ ಎಳದಲ್ಲಿಗೆ ಬತ್ತದೆ."

ಪಾಂಡು ಬೆಲ್ಲವನ್ನು ತಂಬಿಗೆಯ ಬದಿಗೇ ಇಟ್ಟ. ಸುತ್ತುಬಳಸಿ ಹೇಳಲು ಬಾರದ ಅವನು ಜೇಬಿನಿಂದ ಕಾಗದ ತೆಗೆದು, ಲೈಸನ್ಸು, ಹೊಸ ಕಟ್ಟಳೆ, ಕಂಪನಿ, ಪಟೇಲರು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಆಮೇಲೆ ಕಾಗದ ಓದಿದ. 'ಸದರಿ ಅಪಘಾತವು ನನ್ನ ಅಜಾಗರೂಕತೆಯಿಂದಲೇ ಆದದ್ದು, ಚಾಲಕನದು ಏನೂ ತಪ್ಪಿರುವುದಿಲ್ಲ.'

"ಅಜಾಗರೂಕತೆ ಅಂದ್ರೆ ಎಂತ?"

"ನೋಡ್ದೆ ಓಡದ್ದು."

"ನೋಡ್ದೆ ಅಲ್ಲ ಅಣ್ಣಾ," ಎಂದಳು ದೇವಿ. "ನೋಡೇ ಓಡದ್ದು."

ಪಾಂಡು ತಲೆಯೆತ್ತಿದ.

"ನಿನ್ ಗಾಡಿ ಹೊಳೆ ದಾಟುಕೆ ಹೊಂಟಿತ್ತು. ನಾ ಬಾವಿಗೆ ಹೋಗ್ತಾ ಇದ್ದೆ, ಸೊಂಟದಲ್ಲಿ ಖಾಲಿ ಕೊಡ. ಹೊಳೆ ದಾಟವ್ರ ಎದ್ರಿಗೆ ಖಾಲಿ ಕೊಡ ಹಿಡ್ಕಂಡು ನಿಲ್ಲುಕಾಗ್ತದ? ಈಚೆ ಬದಿ ಬೇಲಿ. ಆಚೆ ಬದಿ ಮರದ ಹಿಂದೆ ಅಡಗ್ವ ಅಂತ ಓಡ್ದೆ. ನಿಮ್ಗೆ ಕೆಟ್ಟದು ಆಗ್ಬಾರ್ದು ಅಂತ ಓಡ್ದವ್ಳಿಗೆ ಹೀಂಗಾತು ನೋಡು." ಹೇಳಿ ಅವಳು ನಕ್ಕಳು. ನಗು ಬಹಳ ಹೊತ್ತು ಉಳಿಯಲಿಲ್ಲ.

"ಇದ್ನ ಕೋರ್ಟಿನಲ್ಲಿ ಯಾಕೆ ಹೇಳ್ಲಿಲ್ಲ್ಯ?"

"ಯಾರೂ ಕೇಳ್ಲಿಲ್ಲ. ಕೇಳುಕೆ ಮುಂಚೆ ನೀ ತಪ್ಪಾತು ಅಂದ್ಬಿಟ್ಟೆ." ಅವಳು ಗರಿಯ ಎಸಳೊಂದನ್ನು ಹೆಬ್ಬೆಟ್ಟಿಗೆ ಸುತ್ತಿಕೊಂಡಳು. "ಅಣ್ಣಾ, ಅತ್ತೆ ನನ್ನ ತೌರಿಗೆ ಕಳ್ಸುಕೆ ಗಂಟು ಕಟ್ಟಿಟ್ಟಿತ್ತು. ಮೋಟಾರಿಗೆ ತಾನಾಗೇ ಅಡ್ಡ ಬಿದ್ದವ್ಳು, ಇವ್ಳ ಕಾಲೂ ಹೋತು ಶಕುನವೂ ಹೋತು ಅಂತ. ಆ ದಿನ ನನ್ ಗಂಡ ಕೋರ್ಟಿಂದ ಬಂದವ್ರು ಬಾಗಿಲಲ್ಲೇ ನಿಂತು ಹೇಳಿದ್ರು, ತಪ್ಪು ಮೋಟಾರಿನವಂದೇ, ಸರ್ಕಾರದ ಮುಂದೆ ಅವನೇ ಒಪ್ಕಂಡ ಅಂತ. ಆಮೇಲೆ ಅತ್ತೆ ಗಂಟು ಬಿಚ್ಚಿತು. ನೀ ಅಂದ ಆ ಒಂದು ಮಾತಿನ ಮೇಲೆ ನಾ ಈ ಮನೇಲಿ ಉಳದದ್ದು."

ಪಾಂಡು ಕೈಯಲ್ಲಿದ್ದ ಕಾಗದವನ್ನು ನೋಡಿದ. ಅಂಗಳದಲ್ಲಿ ಕೋಳಿಯೊಂದು ಕೆದಕುತ್ತಿತ್ತು.

"ತಾ ಆ ಕಾಗದ," ಎಂದಳು ದೇವಿ. "ಪಟೇಲ್ರ ಮನೆಗೆ ಯಾವಾಗ ಬರ್ಬೇಕು? ಅದ್ರಲ್ಲಿ ಬರದ್ದು ಖರೇ ಅಲ್ದ? ನಿನ್ನ ಹೊಟ್ಟೆ ಮ್ಯಾಲೆ ಹೊಡದ ಪಾಪ ನಂಗೆ ಬ್ಯಾಡ." ಕೈ ಮುಂದೆ ಚಾಚಿದ್ದಳು. ಬೆರಳಿಗೆ ಸುತ್ತಿದ್ದ ಎಸಳು ಬಿಗಿದು ಹೆಬ್ಬೆಟ್ಟಿನ ತುದಿ ಬೆಳ್ಳಗಾಗಿತ್ತು.

ಅಯ್ಯೋ, ಅವನಿಗೆ ಎಷ್ಟು ಬೇಕಾಗಿತ್ತು ಆ ಹೆಬ್ಬೆಟ್ಟು! ಹೊತ್ತಾರೆಯ ತಂಪಿನಲ್ಲಿ ಇಂಜಿನ್ನು ಶುರುವಾಗುವಾಗ ಅಂಗೈಗೆ ಬರುವ ನಡುಕ, ಮಂಕಿಯ ನೇರ ರಸ್ತೆಯಲ್ಲಿ ಮುಖಕ್ಕೆ ಬಡಿಯುವ ಕಡಲ ಗಾಳಿ, ಹಿಂದಿನ ಸೀಟಿನವರು "ಪಾಂಡು ಇದ್ದಾನಲ್ಲ, ಮಲಗಿ," ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು. ಎರಡು ವರ್ಷ ಮಣ್ಣುಗೋಡೆ ನೋಡಿ ನೋಡಿ ಅವನಿಗೆ ಸಾಕಾಗಿತ್ತು. ಬೇಕು, ಬೇಕು ಎಂದು ಮೈಯೆಲ್ಲ ಹೇಳುತ್ತಿತ್ತು. ಕಾಗದ ಹಿಡಿದ ಕೈ ಅವಳ ಕಡೆಗೆ ಅರ್ಧ ಹೋಯಿತು ಕೂಡ.

ಅಷ್ಟರಲ್ಲಿ ಹಿತ್ತಲಲ್ಲಿ ಬುಟ್ಟಿ ಇಳಿಸಿದ ಸದ್ದಾಯಿತು. "ಯಾರೇ ಅದು?" ಎಂದು ಅತ್ತೆಯ ದನಿ ಕೇಳಿತು. ದೇವಿ ಚಾಚಿದ ಕೈಯನ್ನು ಸರಕ್ಕನೆ ಸೆರಗಿನಡಿ ಎಳೆದುಕೊಂಡಳು.

ಪಾಂಡು ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದ. ಹಿತ್ತಲಿಗೆ ಕೇಳುವಂತೆ ದೊಡ್ಡ ದನಿಯಲ್ಲಿ, "ಮೋಟಾರಿನವ ಅಮ್ಮಾ! ನಿಮ್ ಸೊಸೆ ಕಾಲು ಹ್ಯಾಂಗದೆ ಕೇಳ್ವ ಅಂತ ಬಂದೆ. ನನ್ನಿಂದ ತಪ್ಪಾತು ಅಲ್ದ?" ಎಂದ.

"ಈಗ ಬಂದ್ಯ ನೀ? ಎರಡು ವರ್ಷ ಆದ ಮ್ಯಾಲೆ!" ಎಂದು ಮುದುಕಿ ಒಳಗಿನಿಂದಲೇ ಬೈದಳು. ಬೈಗುಳದಲ್ಲಿ ಬಿಸಿ ಇರಲಿಲ್ಲ.

ದೇವಿ ಅಂಗಳದ ತುದಿಯವರೆಗೆ ಬಂದು, "ಕಾಗದ?" ಎಂದು ಪಿಸುಗುಟ್ಟಿದಳು.

"ಅದು ಬ್ಯಾಡ ತಂಗೀ. ಬ್ಯಾರೆ ದಾರಿ ಅದೆ, ರಾಯ್ರು ಹೇಳಿರು. ಸೋಮವಾರ ಹೊತ್ತಾರೆ ಮೊದಲ ಜಂಗಲಿಗೆ ಮೋಟಾರು ಬತ್ತದೆ, ನೋಡು ಬೇಕಾರೆ."

ಅವಳ ಮುಖ ಅರಳಿತು. ಅದನ್ನು ನೋಡಲಾರದೆ ಅವನು ಬೇಗ ಬೇಗ ಹೆಜ್ಜೆ ಹಾಕಿದ.

ಶುಕ್ರವಾರ ತ್ರ್ಯಂಬಕರಾಯರು ಅದೇ ಅರ್ಜಿ ಬಿಡಿಸಿಕೊಂಡು ಕೂತಿದ್ದರು.

"ಅವಳು ಒಪ್ಪಲಿಲ್ಲವೋ?"

"ಒಪ್ಪಿದ್ಳು."

"ಮತ್ತೆ?"

"ನಾ ಒಪ್ಪಲಿಲ್ಲ." ಪಾಂಡು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. "ನಡೆಸುವವ ಅಂತ ಇದ್ದಲ್ಲಿ ಲಿಂಗಪ್ಪನ ಹೆಸರು ಬರೀರಿ ರಾಯ್ರೆ. ಒಂಬತ್ತಕ್ಕೆ ಇಲ್ಲ ಅಂತ ಬರೀರಿ. ಸುಳ್ಳಾಗುದಿಲ್ಲ."

ರಾಯರು ಅವನ ಮುಖ ನೋಡಿದರು. ಕನ್ನಡಕ ಇಳಿಸಿ, ಲೇಖನಿ ಅದ್ದಿ, ಬರೆದರು.

ಸೋಮವಾರ ಹೊತ್ತಾರೆ ಹೊನ್ನಾವರದ ದಡದಲ್ಲಿ ಲಿಂಗಪ್ಪನಿಗೆ ಗಾಡಿಯನ್ನು ಜಂಗಲಿನ ಹಲಗೆಗೆ ಏರಿಸಲು ಬರಲಿಲ್ಲ. ಎರಡು ಸಲ ಗಾಲಿ ಹಲಗೆಯ ಅಂಚಿಗೆ ಬಂತು, ಕೂತವರು ರಾಮ ರಾಮ ಎಂದರು. ಮೂರನೇ ಸಲ ಕ್ಲೀನರಾಗಿ ಜೊತೆಗೆ ಬಂದಿದ್ದ ಪಾಂಡು ಇಳಿದು, ಗಾಡಿಗೆ ಎದುರಾಗಿ ಹಲಗೆಯ ಮೇಲೆ ನಿಂತು, ಎರಡೂ ಕೈ ಮುಂದೆ ಹಿಡಿದು ಹಿಂದೆ ಹಿಂದೆ ನಡೆದ. "ಬಾ... ಬಾ... ಎಡಕ್ಕೆ ಒಂದ್ಚೂರು... ಸಾಕು, ಹಾಂ, ಬಾ." ಅವನ ಕೈ ತಿರುಗಿದ ಕಡೆ ಲಿಂಗಪ್ಪ ತಿರುಗಿಸಿದ. ಗಾಡಿ ನೆಟ್ಟಗೆ ಬಂದು ನಿಂತಿತು.

"ಕೈಯಲ್ಲೇ ಅದೆಯಲ್ಲೋ ನಿಂಗೆ ಸ್ಟೇರಿಂಗು!" ಎಂದು ಲಿಂಗಪ್ಪ ಒಳಗಿನಿಂದ ನಕ್ಕ. ಪಾಂಡುವೂ ನಕ್ಕ. ಹೊಳೆ ದಾಟುವವರೆಗೂ ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ.

ಕಾಸರಕೋಡಿನ ದಡದಲ್ಲಿ ಗಾಡಿ ಇಳಿದು ಏರು ಹತ್ತತೊಡಗಿತು. ಗಾಡಿ ಹಿಂದಕ್ಕೆ ಜಾರಿದರೆ ಗಾಲಿಗೆ ಕೊಡಲು ಮರದ ತುಂಡು ಹಿಡಿದು ಪಾಂಡು ಹಿಂದಿನಿಂದ ನಡೆದು ಬರುತ್ತಿದ್ದ.

ಏರಿನ ಅರ್ಧದಲ್ಲಿ, ಬೇಲಿಯ ಬದಿಗೆ, ದೇವಿ ನಿಂತಿದ್ದಳು. ಮಿಂದು ತಲೆಗೆ ಅಬ್ಬಲಿಗೆ ಮುಡಿದಿದ್ದಳು. ಸೊಂಟದಲ್ಲಿ ಕೊಡವಿತ್ತು, ಕಂಠದವರೆಗೆ ನೀರು ತುಂಬಿದ ಕೊಡ. ಸೊಟ್ಟ ಕಾಲಿನ ಮೇಲೆ ಆ ಭಾರ ಹೊತ್ತು ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಸೀರೆಯ ಒಂದು ಮಗ್ಗುಲು ಒದ್ದೆಯಾಗಿತ್ತು. ಗಾಡಿ ಹತ್ತಿರ ಬಂದದ್ದೇ ಒಂದು ಹೆಜ್ಜೆ ಮುಂದೆ ಬಂದು, ನಗುತ್ತ, ಡ್ರೈವರನ ಸೀಟಿನ ಕಡೆಗೆ ನೋಡಿದಳು.

ಲಿಂಗಪ್ಪ ಹಾರನ್ನು ಒತ್ತಿ ಮುಂದೆ ಹೋದ.

ಧೂಳು ಇಳಿಯಿತು. ಮರದ ತುಂಡು ಹಿಡಿದ ಪಾಂಡು ಏರು ಹತ್ತುತ್ತ ಬಂದ. ದೇವಿಯ ಮುಖದಲ್ಲಿ ನಗು ಹೋಗಿತ್ತು. ಆದರೆ ಅವಳು ಕೊಡ ಇಳಿಸಲಿಲ್ಲ, ಬದಿಗೂ ಸರಿಯಲಿಲ್ಲ. ಅವನು ತನ್ನನ್ನು ದಾಟಿ ಹೋಗುವವರೆಗೆ ಎರಡೂ ಕೈಯಲ್ಲಿ ಕೊಡ ಹಿಡಿದು ಅವನಿಗೆ ಎದುರಾಗಿಯೇ ನಿಂತಿದ್ದಳು.